ಕೆಂಪು ಪೆಟ್ಟಿಗೆ, ಹಳದಿ ಉಪ್ಪಿಟ್ಟು: ಆಸ್ಟಿನ್ನಿನಲ್ಲಿ ಮೂರು ದಿನ

ಮೊದಲ ದಿನ

ಡಲ್ಲಾಸಿನಿಂದ ಆಸ್ಟಿನ್‌ಗೆ ಮೂರೂವರೆ ಗಂಟೆ ದಾರಿ ಅಂತ ಮಗಳು ಹೇಳಿದ್ದಳು. ನಮಗೆ ಆರು ಗಂಟೆ ಹಿಡಿಯಿತು. ಒಂದು ಗಂಟೆಯನ್ನು ಟ್ರಾಫಿಕ್ ತಿಂದಿತು, ಮಿಕ್ಕಿದ್ದು ನನ್ನಾಕೆಯ ಲೆಕ್ಕಕ್ಕೆ. ಏಪ್ರಿಲ್ ಮೊದಲ ವಾರ. ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಬ್ಲೂಬಾನೆಟ್ ಹೂವು ನೀಲಿ ಸೀರೆ ಒಣಹಾಕಿದ ಹಾಗೆ ಹಾಸಿಕೊಂಡಿತ್ತು. ಇದು ಟೆಕ್ಸಸ್ಸಿನ ರಾಜ್ಯ ಪುಷ್ಪ. ಮಕ್ಕಳನ್ನು ಹೂವಿನ ಮಧ್ಯೆ ಕೂರಿಸಿ ಫೋಟೋ ತೆಗೆಯುವುದು ಇಲ್ಲಿನವರಿಗೆ ಹಬ್ಬದಂತೆ. ನಾಲ್ಕು ವರ್ಷದ ನಮ್ಮ ಮೊಮ್ಮಗನನ್ನೂ ಮೂರು ಕಡೆ ಕೂರಿಸಿದ್ದಾಯಿತು. ಮೂರನೆಯ ಕಡೆ ಪಿಕಪ್ ಟ್ರಕ್ಕಿನವನೊಬ್ಬ ನಿಲ್ಲಿಸಿ, "ಕೂರಿಸೋ ಮೊದಲು ಕೋಲಿನಿಂದ ಒಮ್ಮೆ ಬಡಿದು ನೋಡಿ, ಹಾವಿರುತ್ತೆ" ಅಂದ. ಆಮೇಲೆ ಆಸ್ಟಿನ್ ತಲುಪುವವರೆಗೆ ನಾವು ಕಾರಿಂದ ಇಳಿಯಲಿಲ್ಲ.

ಸುಳ್ಳು ಹೇಳಬಾರದು, ಅದಕ್ಕೂ ಮುಂಚೆ ವೆಸ್ಟ್ ಅನ್ನುವ ಊರಿನಲ್ಲಿ ಇಳಿದಿದ್ದೆವು. ಹೆಸರು ವೆಸ್ಟ್, ಇರುವುದು ಟೆಕ್ಸಸ್ಸಿನ ನಡುಮಧ್ಯೆ. ಚೆಕ್ ದೇಶದಿಂದ ಬಂದವರ ಊರು. ಅವರ ಕೊಲಾಚೆ ಎಂಬ ಬನ್ನು ಇಲ್ಲಿ ಮನೆಮಾತು: ಮೆತ್ತನೆಯ ಹಿಟ್ಟು, ನಡುವೆ ಗುಳಿ, ಗುಳಿಯಲ್ಲಿ ಏಪ್ರಿಕಾಟ್ ಹಣ್ಣಿನ ಪಾಕವೋ ಗಸಗಸೆಯೋ. ಸಸ್ಯಾಹಾರಿಯಾದ ನನ್ನಾಕೆ ಗುಂಡಗೆ ಮುಚ್ಚಿಕೊಂಡಿದ್ದ ಒಂದನ್ನು ಆರಿಸಿ ಕಚ್ಚಿದಳು. ಒಳಗೆ ಸಾಸೇಜು. ಮುಖ ನೋಡಿಯೇ ಕೌಂಟರಿನ ಹುಡುಗಿಗೆ ಗೊತ್ತಾಯಿತು. "ಬಾಯಿ ತೆರೆದದ್ದು ಸಿಹಿ, ಬಾಯಿ ಮುಚ್ಚಿದ್ದು ಮಾಂಸ" ಅಂತ ಪಾಠ ಹೇಳಿ, ದುಡ್ಡು ಬೇಡವೆಂದು ಗಸಗಸೆಯದೊಂದು ಕೊಟ್ಟಳು. ಆ ಪಾಠ ನನ್ನಾಕೆಗೆ ಮನುಷ್ಯರಿಗೂ ಹೊಂದುತ್ತದೆ ಅನ್ನಿಸಿರಬೇಕು. ನನ್ನ ಕಡೆ ನೋಡಿ ನಕ್ಕಳು.

ಸಂಜೆ ಕಾಂಗ್ರೆಸ್ ಅವೆನ್ಯೂ ಸೇತುವೆಯ ಮೇಲೆ ನಿಂತು ಬಾವಲಿ ನೋಡಿದೆವು. ಸೇತುವೆಯ ಕೆಳಗಿನ ಸಂದುಗಳಲ್ಲಿ ಬೇಸಿಗೆಯಲ್ಲಿ 15 ಲಕ್ಷದವರೆಗೂ ಇರುತ್ತವಂತೆ. ಸೂರ್ಯ ಮುಳುಗಿ ಕಾಲು ಗಂಟೆಗೆ ಹೊಗೆಯ ಹಾಗೆ ಎದ್ದವು. ಕೆಳಗಿನ ನೀರಿಗೆ ಲೇಡಿ ಬರ್ಡ್ ಲೇಕ್ ಅಂತ ಹೆಸರು. 1963ರಲ್ಲಿ ಕೆನಡಿ ಹತ್ಯೆಯಾದ ಮೇಲೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರ ಹೆಂಡತಿಯ ಹೆಸರು ಅದು. ಬದುಕಿರುವಾಗ ಬೇಡವೆಂದಿದ್ದರಂತೆ, 2007ರಲ್ಲಿ ಅವರು ತೀರಿಕೊಂಡ ಮೇಲೆ ಇಟ್ಟರು. ನಾವು ಬಂದದ್ದೂ ಆ ದಂಪತಿಗಳ ಮನೆ ಕೆಲಸಕ್ಕೇ ಅನ್ನಬಹುದು. ಮರುದಿನ ಸಂಜೆ ಜಾನ್ಸನ್ ಲೈಬ್ರರಿಯಲ್ಲಿ ಒಂದು ಉಪನ್ಯಾಸವಿತ್ತು.

ಎರಡನೆಯ ದಿನ

ಅಧ್ಯಕ್ಷರ ಲೈಬ್ರರಿ ಅಂದಾಗ ನಾನು ನಮ್ಮ ತಾಲ್ಲೂಕು ಗ್ರಂಥಾಲಯದ ದೊಡ್ಡಣ್ಣನನ್ನು ಕಲ್ಪಿಸಿಕೊಂಡಿದ್ದೆ. ಹಾಗಲ್ಲ. ಇಲ್ಲಿ ಪುಸ್ತಕ ಎರವಲು ಕೊಡುವುದಿಲ್ಲ. ಅಧ್ಯಕ್ಷ ಅಧಿಕಾರ ಬಿಟ್ಟ ಮೇಲೆ ಆತನ ಕಡತ, ಪತ್ರ, ಟಿಪ್ಪಣಿ, ಫೋಟೋ ಎಲ್ಲ ಬಂದು ಸೇರುವ ಜಾಗ. ರೂಸ್‌ವೆಲ್ಟ್ ತಮ್ಮ ಊರಿನಲ್ಲಿ 1941ರಲ್ಲಿ ತೆರೆದದ್ದು ಮೊದಲನೆಯದು. ನಡೆಸುವುದು ಸರ್ಕಾರದ ರಾಷ್ಟ್ರೀಯ ಪತ್ರಾಗಾರ. ಜಾನ್ಸನ್ನರದು 1971ರ ಮೇ 22ರಂದು ತೆರೆಯಿತು, ಟೆಕ್ಸಸ್ ವಿಶ್ವವಿದ್ಯಾಲಯದ ಆವರಣದಲ್ಲಿ, ಫುಟ್‌ಬಾಲ್ ಸ್ಟೇಡಿಯಮ್ಮಿನ ಪಕ್ಕದ ದಿಬ್ಬದ ಮೇಲೆ. ಹತ್ತು ಅಂತಸ್ತಿನ ಬಿಳಿ ಕಲ್ಲಿನ ಪೆಟ್ಟಿಗೆ. ಹೊರಗಿನಿಂದ ನನಗೆ ಕಂಡದ್ದು ನಮ್ಮ ಕಡೂರಿನ ಕಡೆಯ ಆಹಾರ ನಿಗಮದ ಗೋದಾಮು ಹತ್ತು ಪಟ್ಟು ಎತ್ತರಕ್ಕೆ ಬೆಳೆದು ನಿಂತ ಹಾಗೆ. ಈ ಹೋಲಿಕೆ ಯಾಕೆ ಬಂತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಒಳಗೆ ಅಗಲವಾದ ಮೆಟ್ಟಿಲು ಹತ್ತಿ ದೊಡ್ಡ ಹಜಾರಕ್ಕೆ ಬಂದರೆ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಎದುರಿನ ಗಾಜಿನ ಹಿಂದೆ ನಾಲ್ಕು ಅಂತಸ್ತುದ್ದಕ್ಕೂ ಕೆಂಪು ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಚಿನ್ನದ ಬಣ್ಣದ ಮುದ್ರೆ. ಒಟ್ಟು ನಾಲ್ಕೂವರೆ ಕೋಟಿ ಪುಟ. ಶಾಲೆಯ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಬರೆದು ಬರೆದು ನಿವೃತ್ತನಾದ ಮೇಷ್ಟ್ರು ನಾನು. ಕಡತಗಳನ್ನು ದೇವರ ಪಟದ ಹಾಗೆ ಗಾಜು ಹಾಕಿಸಿ ತೋರಿಸುವುದನ್ನು ಕಂಡದ್ದು ಇದೇ ಮೊದಲು. ಹೆಸರು ನೋಂದಾಯಿಸಿದರೆ ಮೇಲಿನ ಓದುಕೋಣೆಯಲ್ಲಿ ಕೂತು ಯಾರು ಬೇಕಾದರೂ ತರಿಸಿ ಓದಬಹುದಂತೆ.

ಹೀಗಂತ ಹೇಳಿದ್ದು ಅಲ್ಲಿನ ಸ್ವಯಂಸೇವಕರೊಬ್ಬರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಮೊಣಕಾಲು ನೋವೆಂದು ಕಂಬಕ್ಕೆ ಒರಗಿ ನಿಂತಿದ್ದರು. ಉದ್ಘಾಟನೆಯ ದಿನ ನೀವು ಇಲ್ಲಿದ್ದಿರಾ ಅಂತ ಕೇಳಿದೆ. "ಇದ್ದೆ, ರಸ್ತೆಯ ಆ ಕಡೆ" ಅಂದರು. ವಿಯೆಟ್ನಾಂ ಯುದ್ಧದ ವಿರುದ್ಧ ಕೂಗುತ್ತಿದ್ದ ವಿದ್ಯಾರ್ಥಿಗಳ ಗುಂಪಿನಲ್ಲಿ. ಒಳಗೆ ಆಗಿನ ಅಧ್ಯಕ್ಷ ನಿಕ್ಸನ್ ಭಾಷಣ ಮಾಡುತ್ತಿದ್ದರೆ ಹೊರಗೆ ಇವರ ಗಂಟಲು ಕಟ್ಟಿಹೋಗಿತ್ತು. ಈಗ ವಾರಕ್ಕೆರಡು ದಿನ ಸಂಬಳವಿಲ್ಲದೆ ಅದೇ ಜಾನ್ಸನ್ನರ ಮನೆ ಕಾಯುತ್ತಿದ್ದಾರೆ! ಮನಸ್ಸು ಬದಲಾಯಿತೇ ಅಂದದ್ದಕ್ಕೆ, "ಯುದ್ಧದ ಬಗ್ಗೆ ಇಲ್ಲ" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ತಾವೇ ಇನ್ನೊಂದು ಹೇಳಿದರು. ಮೊದಮೊದಲು ಇಲ್ಲಿಗೆ ಎಷ್ಟು ಜನ ಬಂದರು ಅನ್ನುವ ಲೆಕ್ಕದ್ದೇ ಜಾನ್ಸನ್ನರಿಗೆ ಹುಚ್ಚಂತೆ. ಪಕ್ಕದ ಸ್ಟೇಡಿಯಮ್ಮಿನಲ್ಲಿ ಪಂದ್ಯವಿದ್ದಾಗ "ಲೈಬ್ರರಿಯಲ್ಲಿ ಶೌಚಾಲಯವಿದೆ, ಬನ್ನಿ" ಅಂತ ಮೈಕಿನಲ್ಲಿ ಹೇಳಿಸುತ್ತಿದ್ದರಂತೆ. ಅಳಿಯ ಇದನ್ನು ನಂಬಲಿಲ್ಲ. ನಾನು ನಂಬಿದೆ. ನಮ್ಮ ಶಾಲಾ ವಾರ್ಷಿಕೋತ್ಸವಕ್ಕೆ ಜನ ಸೇರಿಸಲು ನಾವೂ ಇಂಥದ್ದನ್ನು ಮಾಡಿದ್ದೇವೆ.

ಮ್ಯೂಸಿಯಮ್ಮಿನಲ್ಲಿ ಮೊಮ್ಮಗನಿಗೆ ಹಿಡಿಸಿದ್ದು ಜೋಕು ಹೇಳುವ ಜಾನ್ಸನ್ ಗೊಂಬೆ. ತಲೆ ಕೈ ಆಡಿಸುತ್ತ ಅದು ಹಳ್ಳಿ ಕತೆ ಹೇಳುತ್ತದೆ. ನನಗೆ ಹಿಡಿಸಿದ್ದು ಟೆಲಿಫೋನುಗಳು. ಅಲ್ಲಲ್ಲಿ ಗೋಡೆಗೆ ಹಳೆಯ ಕಾಲದ ರಿಸೀವರು. ಎತ್ತಿ ಕಿವಿಗಿಟ್ಟರೆ ಜಾನ್ಸನ್ ಯಾರನ್ನೋ ಪುಸಲಾಯಿಸುತ್ತಿರುತ್ತಾರೆ, ಗದರಿಸುತ್ತಿರುತ್ತಾರೆ. ಅಧ್ಯಕ್ಷರಾಗಿದ್ದಾಗ ತಮ್ಮ ಫೋನನ್ನು ತಾವೇ ರೆಕಾರ್ಡ್ ಮಾಡಿಸಿಕೊಂಡಿದ್ದು, ಸುಮಾರು 643 ಗಂಟೆ. ತಾನು ಸತ್ತ 50 ವರ್ಷದವರೆಗೆ ತೆಗೆಯಬೇಡಿ ಅಂದಿದ್ದರು. ಆದರೆ ಲೈಬ್ರರಿಯ ನಿರ್ದೇಶಕರಾಗಿದ್ದ ಹ್ಯಾರಿ ಮಿಡಲ್ಟನ್ 1993ರಿಂದಲೇ ಒಂದೊಂದಾಗಿ ಬಿಡುಗಡೆ ಮಾಡಿಸಿದರು. ಹಾಳಾಗುವ ಮುಂಚೆ ಕೇಳಲಿ ಅನ್ನುವ ಕಾಳಜಿ ಒಂದು ಕಡೆ, ಕೆನಡಿ ಹತ್ಯೆಯ ದಾಖಲೆ ತೆರೆಯಬೇಕೆಂಬ ಕಾನೂನು ಇನ್ನೊಂದು ಕಡೆ. ಧಣಿಯ ಮಾತು ಮೀರಿದ ಗುಮಾಸ್ತನಿಗೆ ನನ್ನದೊಂದು ನಮಸ್ಕಾರ.

ಇನ್ನು ಗೋದಾಮಿನ ಮಾತು. 1966ರಲ್ಲಿ ನಾನು ಮೂರನೆಯ ಕ್ಲಾಸು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಶಾಲೆಯಲ್ಲಿ ಮಧ್ಯಾಹ್ನಕ್ಕೆ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಮುಸುಕಿನ ಜೋಳದ ರವೆ, ತಗಡಿನ ಡಬ್ಬದ ಎಣ್ಣೆ, ಜೊತೆಗೆ ಪುಡಿ ಕದಡಿದ ಹಾಲು. ಚೀಲದ ಮೇಲೆ ಕೈಗೆ ಕೈ ಸೇರಿಸಿದ ಚಿತ್ರ. ನಾವದನ್ನು ಅಮೆರಿಕಾ ಉಪ್ಪಿಟ್ಟು ಅನ್ನುತ್ತಿದ್ದೆವು, ಪಕ್ಕದ ಊರಿನವರು ಅದನ್ನು ಹಂಚುತ್ತಿದ್ದ ಅಮೆರಿಕದ ನೆರವು ಸಂಸ್ಥೆಯ ಹೆಸರು ಹಿಡಿದು ಕೇರ್ ಉಪ್ಪಿಟ್ಟು ಅನ್ನುತ್ತಿದ್ದರು. ಅದೇ ಹೊತ್ತಿಗೆ ಪಿಎಲ್ 480 ಅನ್ನುವ ಅಮೆರಿಕದ ಆಹಾರ ನೆರವಿನ ಕಾನೂನಿನಡಿ ಗೋಧಿಯ ಹಡಗುಗಳು ಬರುತ್ತಿದ್ದವು. ಅಮೆರಿಕದ ಗೋಧಿ ಬೆಳೆಯ ಐದನೆಯ ಒಂದು ಪಾಲು ಆ ವರ್ಷ ಭಾರತಕ್ಕೆ ಬಂತು. ಆದರೆ ವರ್ಷದ್ದನ್ನು ಒಟ್ಟಿಗೆ ಕೊಡದೆ, ಜಾನ್ಸನ್ ಸ್ವಲ್ಪ ಸ್ವಲ್ಪವಾಗಿ, ತಿಂಗಳ ಲೆಕ್ಕದಲ್ಲಿ ತಾವೇ ಮಂಜೂರು ಮಾಡುತ್ತಿದ್ದರು. ಹಡಗಿನಿಂದ ಬಾಯಿಗೆ ಅನ್ನುವ ಹಾಗಿತ್ತು ದೇಶದ ಬದುಕು. ಸಮಾಜ ಪಾಠದಲ್ಲಿ ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಕೇಳಬೇಕಾದ ಪ್ರಶ್ನೆ ಒಂದಿತ್ತು: ತಿಂಗಳು ತಿಂಗಳು ಯಾಕೆ ಕಾಯಿಸಿದಿರಿ?

ಸಂಜೆಯ ಉಪನ್ಯಾಸಕ್ಕೆ ಮಗಳು ಎರಡೇ ಟಿಕೆಟ್ ಹಿಡಿದಿದ್ದಳು. ಇಲ್ಲಿನ ಕಾರ್ಯಕ್ರಮಗಳಲ್ಲಿ ಎಷ್ಟೋ ಲೈಬ್ರರಿಯ ಸದಸ್ಯರಿಗೆ ಮೀಸಲು, ಕೆಲವು ಎಲ್ಲರಿಗೂ ತೆರೆದವು. ಎರಡು ವಾರ ಮೊದಲೇ ಪಟ್ಟಿ ನೋಡಿ ಹೆಸರು ಬರೆಸದಿದ್ದರೆ ನಿಮಗೆ ಸಿಗುವುದು ಮನೆಯ ಟೀವಿಯಲ್ಲಿ ನೇರಪ್ರಸಾರ ಮಾತ್ರ. ಅಳಿಯ, ಮಗಳು ಮಗುವನ್ನು ನೋಡಿಕೊಂಡರು. ನಾವಿಬ್ಬರು ಮುದುಕರು ಸಿನಿಮಾಕ್ಕೆ ಹೊರಟ ಹೊಸ ಜೋಡಿಯ ಹಾಗೆ ಹೊರಟೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಛತ್ರಿ ಹೋಟೆಲಿನಲ್ಲಿತ್ತು. ಒದ್ದೆ ಬಟ್ಟೆಯಲ್ಲಿ ಎಸಿಯೊಳಗೆ ಕೂತು ನನ್ನ ಹಲ್ಲು ಕಟಕಟ ಅನ್ನತೊಡಗಿತು. ಇಲ್ಲಿ ಯಾವ ಸಭಾಂಗಣಕ್ಕೆ ಹೋದರೂ ಸ್ವೆಟರ್ ಹಿಡಿದೇ ಹೋಗಿ, ಹೊರಗೆ ಬೆಂಕಿ ಸುರಿಯುತ್ತಿದ್ದರೂ ಸರಿ.

ಸಾವಿರದಷ್ಟು ಜನ ಹಿಡಿಸುವ ಸಭಾಂಗಣ, ಬಹುಪಾಲು ತುಂಬಿತ್ತು. ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ಪುಟ್ಟ ಮೇಜು, ಎರಡು ಲೋಟ ನೀರು. ಅಷ್ಟೇ. ಹಾರವಿಲ್ಲ, ಶಾಲಿಲ್ಲ, ಪ್ರಾರ್ಥನೆಯಿಲ್ಲ, ಸ್ವಾಗತ ಭಾಷಣ ಎರಡೇ ನಿಮಿಷ. ಮಾಜಿ ಅಧ್ಯಕ್ಷರ ಹೆಸರಿನ ವೇದಿಕೆಯಲ್ಲಿ ಗಣ್ಯರ ಸಾಲೇ ಇಲ್ಲದಿರುವುದು ನೋಡಿ ನನ್ನಾಕೆಗೆ ಏನೋ ಕೊರತೆ ಅನ್ನಿಸಿತು. ನನಗೆ ಬಿಡುಗಡೆ ಅನ್ನಿಸಿತು. ಮಾತಾಡಿದವರು ಇತಿಹಾಸದ ಪ್ರಾಧ್ಯಾಪಕಿ, ವಿಷಯ ಆ ಟೆಲಿಫೋನ್ ಟೇಪುಗಳೇ. ಎದುರಿಗೆ ಕೂತವರು ಪ್ರಶ್ನೆ ಕೇಳುವುದು, ಇವರು ಉತ್ತರಿಸುವುದು, ನಡುನಡುವೆ ಟೇಪಿನ ತುಣುಕು. 1964ರ ಆಗಸ್ಟಿನಲ್ಲಿ ಜಾನ್ಸನ್ ಡಲ್ಲಾಸಿನ ಹ್ಯಾಗರ್ ಕಂಪನಿಗೆ ಫೋನ್ ಮಾಡಿ ಪ್ಯಾಂಟಿಗೆ ಅಳತೆ ಹೇಳುವುದನ್ನು ಹಾಕಿದರು. ಜೇಬು ಉದ್ದವಿರಲಿ, ಚಾಕು ಬಿದ್ದುಹೋಗುತ್ತೆ, ತೊಡೆಸಂದಿಯಲ್ಲಿ ಬಿಗಿ ಬೇಡ ಅಂತ ದೇಶದ ಅಧ್ಯಕ್ಷ ನಮ್ಮ ಸಂತೆ ದರ್ಜಿಗೆ ಹೇಳುವಷ್ಟೇ ಬಿಚ್ಚುಮಾತಿನಲ್ಲಿ ಹೇಳುತ್ತಾರೆ. ನಡುವೆ ತೇಗುತ್ತಾರೆ. ಸಭೆ ಬಿದ್ದು ಬಿದ್ದು ನಕ್ಕಿತು. ಮರು ತುಣುಕು ವಿಯೆಟ್ನಾಂ ಬಗ್ಗೆ. ಗೆಲ್ಲುವ ದಾರಿ ಕಾಣದೆ ಒಳಗೊಳಗೇ ಬೇಯುತ್ತಿರುವ ಅದೇ ದನಿ. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಈ ವೇದಿಕೆಗೆ ಎಂತೆಂಥವರೋ ಬಂದಿದ್ದಾರೆ. ವರ್ಣಭೇದ ನಿಷೇಧಿಸಿ ಜಾನ್ಸನ್ ಸಹಿ ಹಾಕಿದ ನಾಗರಿಕ ಹಕ್ಕು ಕಾಯ್ದೆಗೆ 50 ವರ್ಷ ತುಂಬಿದ 2014ರ ಏಪ್ರಿಲ್‌ನಲ್ಲಿ ಮೂರು ದಿನದೊಳಗೆ ಕಾರ್ಟರ್, ಕ್ಲಿಂಟನ್, ಬುಷ್, ಒಬಾಮ, ನಾಲ್ವರೂ. 2016ರಲ್ಲಿ ವಿಯೆಟ್ನಾಂ ಕುರಿತೇ ಸಮ್ಮೇಳನ ಮಾಡಿ, ಆ ಯುದ್ಧದ ಕಾಲದಲ್ಲಿ ನಿಕ್ಸನ್ನರ ಸಲಹೆಗಾರರಾಗಿದ್ದ ಕಿಸಿಂಜರ್ ಅವರನ್ನು ಕೂರಿಸಿದರು. ಮನೆಯ ಯಜಮಾನನ ಹೆಸರು ಕೆಡಿಸಿದ ವಿಷಯವನ್ನೇ ಆತನ ಮನೆಯ ಜಗುಲಿಯಲ್ಲಿ ಚರ್ಚೆಗೆ ಇಡುವುದು ನಮ್ಮ ಸ್ಮಾರಕ ಭವನಗಳಲ್ಲಿ ನಡೆದೀತೇ ಅಂತ ಯೋಚಿಸುತ್ತಿರುವಾಗಲೇ ಪ್ರಶ್ನೋತ್ತರ ಶುರುವಾಯಿತು.

ಎದ್ದು ಮೈಕಿನ ಸಾಲಿನಲ್ಲಿ ನಿಂತೆ. ನನ್ನದು ಐದನೆಯ ನಂಬರು. ಮೂರನೆಯವನು ಪ್ರಶ್ನೆ ಬಿಟ್ಟು ತನ್ನ ಪೂರ್ವಾಪರ ಹೇಳಿಕೊಂಡ. ಈ ಜಾತಿಯವರು ಎಲ್ಲ ದೇಶದಲ್ಲೂ ಇದ್ದಾರೆ. ನಾಲ್ಕನೆಯವಳ ಹೊತ್ತಿಗೆ ಸಮಯ ಮುಗಿಯಿತು. ಒದ್ದೆ ಅಂಗಿಯಲ್ಲಿ ಹಾಗೇ ನಿಂತುಬಿಟ್ಟೆ. ನನ್ನಾಕೆ ಬಂದು, "ಪುಸ್ತಕ ತಗೊಂಡು ಸಹಿ ಸಾಲಿಗೆ ಹೋಗಿ, ಅಲ್ಲಿ ಕೇಳಿ" ಅಂದಳು. ಮೂವತ್ತು ಡಾಲರಿನ ಪ್ರಶ್ನೆ. ಕೇಳಿದೆ. ಆಕೆ ಪೆನ್ನು ಕೆಳಗಿಟ್ಟು ಮುಖ ನೋಡಿದರು. ಎರಡು ಕಾರಣ ಅಂದರು. ಭಾರತ ಕೃಷಿಗೆ ದುಡ್ಡು ಹಾಕಲಿ ಎಂಬ ಒತ್ತಡ ಒಂದು, ವಿಯೆಟ್ನಾಂ ವಿಷಯದಲ್ಲಿ ದೆಹಲಿ ಬುದ್ಧಿ ಹೇಳಿತು ಎಂಬ ಸಿಟ್ಟು ಇನ್ನೊಂದು. "ಯಾವುದು ಎಷ್ಟು ಅಂತ ಪಾಲು ಮಾಡೋಕೆ ಆಗಲ್ಲ. ಆದರೆ ಭಾರತದಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಆತ ರೈತನ ಹಾಗೆ ಲೆಕ್ಕ ಇಡುತ್ತಿದ್ದ" ಅಂದರು. ಆಮೇಲೆ ಅವರೇ ಕೇಳಿದರು, ನಿಮಗೆ ಯಾಕೆ ಇದು? ಉಪ್ಪಿಟ್ಟು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಪದ ಸಿಗದೆ, "ಆ ಜೋಳ ತಿಂದವನು ನಾನು" ಅಂದೆ. ಹಿಂದಿನವರು ಗಡಿಬಿಡಿ ಮಾಡುತ್ತಿದ್ದರು. ಆಕೆ ಸಹಿಯ ಕೆಳಗೆ ಏನೋ ಬರೆದರು. ಮಳೆಯಲ್ಲಿ ಆ ಸಾಲು ಅಳಿಸಿಹೋಗಿ ಈಗ ನೀಲಿ ಮಚ್ಚೆಯೊಂದು ಉಳಿದಿದೆ.

ಮೂರನೆಯ ದಿನ

ಆಸ್ಟಿನ್‌ನಿಂದ ಪಶ್ಚಿಮಕ್ಕೆ 290ನೇ ಹೆದ್ದಾರಿ ಹಿಡಿದರೆ ಸುಮಾರು ನೂರು ಕಿಲೋಮೀಟರಿಗೆ ಜಾನ್ಸನ್ನರ ತೋಟ. ಹಿಲ್ ಕಂಟ್ರಿ ಅನ್ನುತ್ತಾರೆ. ಬೆಟ್ಟ ಅಂದರೆ ನಮ್ಮ ಮಲೆನಾಡಲ್ಲ, ಚಿತ್ರದುರ್ಗದ ಕಡೆಯ ಗುಡ್ಡಕ್ಕೆ ಓಕ್ ಮರ ನೆಟ್ಟಂತೆ. ಸುಣ್ಣಕಲ್ಲು, ಮುಳ್ಳುಪೊದೆ, ಪಾಪಾಸುಕಳ್ಳಿ, ನಡುವೆ ಥಟ್ಟನೆ ನೀಲಿ ಹೂವಿನ ಹೊಲ. ಡ್ರಿಪಿಂಗ್ ಸ್ಪ್ರಿಂಗ್ಸ್ ದಾಟುವಷ್ಟರಲ್ಲಿ ಆಕಾಶ ಹಸಿರುಗಪ್ಪಾಯಿತು. ಆಲಿಕಲ್ಲು! ಅಡಿಕೆ ಗಾತ್ರದ್ದು. ಪೆಟ್ರೋಲ್ ಬಂಕಿನ ಸೂರಿನಡಿ ಏಳೆಂಟು ಕಾರು ಒತ್ತಿಕೊಂಡು ನಿಂತವು. ಬಾಗಿಲ ಬಳಿ ಕಾಫಿ ಹೀರುತ್ತಿದ್ದ ಮುದುಕನೊಬ್ಬ, "ಐದು ನಿಮಿಷ" ಅಂದ. ಸರಿಯಾಗಿ ಐದು ನಿಮಿಷಕ್ಕೆ ನಿಂತಿತು. ಹವಾಮಾನದ ಆ್ಯಪು ಅರ್ಧ ಗಂಟೆ ಅಂದಿತ್ತು.

ಈ ರಸ್ತೆಯಲ್ಲಿ ನನಗೆ ತಲೆಯಲ್ಲಿ ಸುತ್ತುತ್ತಿದ್ದದ್ದು 1972ರ ಡಿಸೆಂಬರ್. ಲೈಬ್ರರಿಯಲ್ಲಿ ನಾಗರಿಕ ಹಕ್ಕುಗಳ ಮೇಲೆ ಎರಡು ದಿನದ ವಿಚಾರ ಸಂಕಿರಣ. ಮಾಜಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್, ಜಾನ್ಸನ್ನರ ಉಪಾಧ್ಯಕ್ಷರಾಗಿದ್ದ ಹಂಫ್ರಿ, ಕರಿಯರ ಹಕ್ಕಿನ ಹೋರಾಟಗಾರ ರಾಯ್ ವಿಲ್ಕಿನ್ಸ್, ಆಗಷ್ಟೇ ಸಂಸತ್ತಿಗೆ ಆರಿಸಿ ಬಂದಿದ್ದ ಬಾರ್ಬರಾ ಜೋರ್ಡಾನ್ ಎಲ್ಲ ಬಂದಿದ್ದರು. ಜಾನ್ಸನ್ನರ ಹೃದಯ ಕೆಟ್ಟಿತ್ತು. ಹೋಗಬೇಡಿ ಅಂದರು ವೈದ್ಯರು. ಹೊರಗೆ ಹಿಮದ ಮಳೆ, ರಸ್ತೆ ಗಾಜಿನ ಹಾಗೆ. ಆದರೂ ಹೊರಟರು. ಚಾಲಕ ನಿಧಾನಕ್ಕೆ ಓಡಿಸುತ್ತಾನೆಂದು ಸಿಡುಕಿ, ಅವನನ್ನು ಸರಿಸಿ ತಾವೇ ಸ್ಟಿಯರಿಂಗ್ ಹಿಡಿದರಂತೆ. ವೇದಿಕೆಯ ಮೇಲೆ ಮಾತಿನ ನಡುವೆ ಎದೆನೋವು ಬಂದು, ಜೇಬಿನಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ಮುಂದುವರಿಸಿದರು. ನಾನು ಇನ್ನೂ ಹೆಚ್ಚು ಮಾಡಬೇಕಿತ್ತು ಎಂಬ ಅರ್ಥದ ಮಾತು. ಸಾರ್ವಜನಿಕವಾಗಿ ಅವರು ಮಾಡಿದ ಕೊನೆಯ ದೊಡ್ಡ ಭಾಷಣ ಅದು. ಆರು ವಾರಕ್ಕೆ, 1973ರ ಜನವರಿ 22ರಂದು, ಇದೇ ತೋಟದಲ್ಲಿ ತೀರಿಕೊಂಡರು.

ನಿನ್ನೆ ನಾನು ಮಳೆಯಲ್ಲಿ ನೆನೆದು ಮೈಕಿನವರೆಗೂ ಹೋಗಿ ವಾಪಸು ಬಂದವನು. ಅಳಿಯ ಆಲಿಕಲ್ಲಿನ ಮೇಲೆ ಗಂಟೆಗೆ ಮೂವತ್ತು ಮೈಲಿಯಲ್ಲಿ ಹೋಗುತ್ತಿದ್ದ. ಇನ್ನೂ ನಿಧಾನ ಹೋಗು ಅಂದೆ.

ಸ್ಟೋನ್‌ವಾಲ್ ಹತ್ತಿರದ ರಾಜ್ಯ ಉದ್ಯಾನದ ಕಚೇರಿಯಲ್ಲಿ ತೋಟಕ್ಕೆ ಉಚಿತ ಪರವಾನಗಿ ಚೀಟಿ ಕೊಡುತ್ತಾರೆ. ಅದನ್ನು ಹಿಡಿದು ನಿಮ್ಮದೇ ಕಾರಿನಲ್ಲಿ ಸುತ್ತಬಹುದು. ಮೊದಲು ಸಿಗುವುದು ಜಂಕ್ಷನ್ ಸ್ಕೂಲ್, ಒಂದೇ ಕೋಣೆಯದು. ನಾಲ್ಕು ವರ್ಷದ ಲಿಂಡನ್ ಟೀಚರ ತೊಡೆಯ ಮೇಲೆ ಕೂತು ಓದು ಕಲಿತದ್ದು ಇಲ್ಲಿ. 1965ರ ಏಪ್ರಿಲ್ 11ರಂದು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಅವರು ಸಹಿ ಹಾಕಿದ್ದೂ ಈ ಅಂಗಳದಲ್ಲೇ, ಮಗ್ಗುಲಲ್ಲಿ ಅದೇ ಟೀಚರನ್ನು ಕೂರಿಸಿಕೊಂಡು. ಇಪ್ಪತ್ತರ ಹರೆಯದಲ್ಲಿ ಸ್ವತಃ ಜಾನ್ಸನ್ನರೂ ಕೊಟುಲಾ ಅನ್ನುವ ಊರಿನಲ್ಲಿ ಮೆಕ್ಸಿಕನ್ ಬಡಮಕ್ಕಳಿಗೆ ಮೇಷ್ಟ್ರಾಗಿದ್ದರು. ಆ ಮಕ್ಕಳು ಬೆಳಗಿನ ತಿಂಡಿ ತಿನ್ನದೆ ಹಸಿದು ಬರುತ್ತಿದ್ದುದನ್ನು 1965ರಲ್ಲಿ ಸಂಸತ್ತಿನ ಮುಂದೆ ನೆನೆದಿದ್ದರು. ಹಸಿದ ಮಕ್ಕಳ ಮುಂದೆ ನಿಂತು ಪಾಠ ಮಾಡಿದವನು, ಮರುವರ್ಷ ಹಡಗಿನ ಚೀಟಿಯನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಹೇಗೆ ಇಟ್ಟುಕೊಂಡ? ಸ್ಕೂಲಿನ ಕಿಟಕಿಯಿಂದ ಇಣುಕಿದೆ. ಕರಿಹಲಗೆ, ಪುಟ್ಟ ಬೆಂಚು. ಮೊಮ್ಮಗ ಒಳಗೆ ಹೋಗಬೇಕೆಂದು ಅತ್ತ.

ಮುಂದೆ ಪೆಡರ್ನಲೆಸ್ ಹೊಳೆಯ ದಂಡೆ, ಓಕ್ ಮರಗಳ ಕೆಳಗೆ ಕಲ್ಲುಗೋಡೆಯ ಕುಟುಂಬದ ಸ್ಮಶಾನ. ಗಂಡ ಹೆಂಡತಿ ಅಕ್ಕಪಕ್ಕ. ಸರಳ ಕಲ್ಲುಗಳು, ಕಾವಲುಗಾರನೂ ಇಲ್ಲ. ಬೇಲಿಯಾಚೆ ಬಿಳಿಮುಖದ ಹೆರೆಫೋರ್ಡ್ ದನಗಳು, ಜಾನ್ಸನ್ ಸಾಕಿದ ಹಿಂಡಿನ ಸಂತತಿ. ಮನೆಯ ಹತ್ತಿರ ಅವರು ಬಳಸುತ್ತಿದ್ದ ಪುಟ್ಟ ಜೆಟ್ ನಿಲ್ಲಿಸಿದ್ದಾರೆ. ದೊಡ್ಡ ವಿಮಾನ ಇಲ್ಲಿ ಇಳಿಯುತ್ತಿರಲಿಲ್ಲವಾದ್ದರಿಂದ ಇದನ್ನು "ಏರ್ ಫೋರ್ಸ್ ಒನ್ ಹಾಫ್", ಅಂದರೆ ಅರ್ಧ ಅನ್ನುತ್ತಿದ್ದರಂತೆ. ಅಲ್ಲಿ ಹತ್ತು ನಿಮಿಷ ಸಾಕು.

ಹೊತ್ತು ಇಟ್ಟುಕೊಳ್ಳಬೇಕಾದ್ದು ಹೊಳೆಯ ಈ ಕಡೆಯ ಸೌವರ್-ಬೆಕ್‌ಮನ್ ತೋಟಕ್ಕೆ. ನೂರು ವರ್ಷದ ಹಿಂದಿನ ಜರ್ಮನ್ ಒಕ್ಕಲುಮನೆಯನ್ನು ಹಾಗೆಯೇ ಇಟ್ಟಿದ್ದಾರೆ. ಆ ಕಾಲದ ಉಡುಪಿನಲ್ಲಿ ಕೆಲಸದವರು ಹಾಲು ಕರೆಯುತ್ತಾರೆ, ಬೆಣ್ಣೆ ಕಡೆಯುತ್ತಾರೆ, ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ಅಡುಗೆಮನೆಯ ಹೊಸಿಲಲ್ಲಿ ನನ್ನಾಕೆ ನಿಂತುಬಿಟ್ಟಳು. ಕಬ್ಬಿಣದ ಬಾಣಲೆಯಲ್ಲಿ ಮುಸುಕಿನ ಜೋಳದ ಹಿಟ್ಟಿನ ರೊಟ್ಟಿ ಬೇಯುತ್ತಿತ್ತು. ಏಪ್ರನ್ ಕಟ್ಟಿದ ಹೆಂಗಸು, ನೋಡಬಹುದು, ಕೊಡುವ ಹಾಗಿಲ್ಲ, ನಿಯಮ ಅಂತ ನಯವಾಗಿ ಹೇಳಿದಳು. ಕೊಡದಿದ್ದರೇನು, ಹೊಗೆಯ ಜೊತೆ ಬಂದ ಆ ವಾಸನೆ ಸಾಕಿತ್ತು. ಹೊಟ್ಟೆಯಲ್ಲಿ ಏನೋ ಕಲಕಿತು. ಸ್ಲೇಟು ಒರೆಸಿ ಬಸಿದ ನೀರು, ಮುತ್ತುಗದ ಎಲೆ, ಸಾಲಾಗಿ ಕೂತ ಮಂಡಿಗಳು.

"ಏನಾಯ್ತು ನಿಮಗೆ?" ಅಂದಳು.

ಹೇಳಿದೆ. ಅವಳೂ ಅದೇ ಉಪ್ಪಿಟ್ಟಿನವಳೇ, ಬೀರೂರಿನ ಕಡೆಯ ಶಾಲೆ. ಇಷ್ಟು ವರ್ಷ ಈ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ.

"ನಮ್ಮಲ್ಲಿ ಹುಡುಗಿಯರಿಗೆ ಕೊನೆಗೆ ಬಡಿಸ್ತಿದ್ರು" ಅಂದಳು. "ಹಂಡೆಯ ತಳ ಹತ್ತಿದ್ದೇ ನಮ್ಮ ಪಾಲಿಗೆ. ಅದನ್ನ ಕೆರೆದು ತಿನ್ನೋಕೆ ಜಗಳ ಆಡ್ತಿದ್ವಿ, ಅಷ್ಟು ಚೆನ್ನಾಗಿರೋದು."

ಹೊರಗೆ ಮತ್ತೆ ಗುಡುಗು. ಅಳಿಯ ಕಾರಿನಿಂದ ಹಾರನ್ ಮಾಡುತ್ತಿದ್ದ. ಅವಳು ಒಲೆಯ ಮುಂದಿನಿಂದ ಕದಲಲಿಲ್ಲ. ಬಾಣಲೆ ಇಳಿಸಿದ ಮೇಲೆ ಆ ಹೆಂಗಸು ಅಂಚಿಗೆ ಹತ್ತಿದ ಕೆಂಪು ಸೀಕನ್ನು ಚಾಕುವಿನಿಂದ ಎಬ್ಬಿಸಿ ಕೋಳಿಗಳಿಗೆ ಹಾಕುವವರೆಗೂ ನೋಡುತ್ತಾ ನಿಂತಿದ್ದಳು.